ಮಡಿಕೇರಿಯಲ್ಲೇ ತೋರಿಸಬೇಕಾ, ಮೈಸೂರಿಗೆ ಹೋಗಬೇಕಾ? ಡಿಪ್ರೆಶನ್ ಚಿಕಿತ್ಸೆ ಬಗ್ಗೆ ಗೊತ್ತಿದ್ದವರು ಹೇಳಿ

ಮೂರ್ನಾಡಿನವಳು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಹಿನ್ನೆಲೆ ಸ್ವಲ್ಪ ಉದ್ದ.

ಹೋದ ಪುತ್ತರಿ ಹಬ್ಬ ಕಳೆದ ಮೇಲೆ ನನಗೆ ಯಾವುದರಲ್ಲೂ ಮನಸ್ಸಿಲ್ಲ. ರಾತ್ರಿ ಬೇಗ ಮಲಗಿದರೂ ಮೂರು ಗಂಟೆಗೆ ಎಚ್ಚರ. ಆಮೇಲೆ ನಿದ್ದೆ ಇಲ್ಲ. ಕಾಫಿ ಕೊಯ್ಲಿನ ಸುಸ್ತು ಇರಬೇಕು ಅಂದುಕೊಂಡೆ. ಕೊಯ್ಲು ಮುಗಿಯಿತು, ಹೂಮಳೆಯೂ ಬಂತು, ಸುಸ್ತು ಮಾತ್ರ ಹೋಗಲಿಲ್ಲ. ಮದುವೆ, ನಾಮಕರಣ ಎಲ್ಲ ಏನೋ ನೆಪ ಹೇಳಿ ತಪ್ಪಿಸುತ್ತಿದ್ದೇನೆ. ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ. ಹೊಟ್ಟೆ ಉರಿ, ತಲೆನೋವು ಅಂತ ಊರಿನ ಡಾಕ್ಟರ ಹತ್ತಿರ ಹೋಗಿದ್ದೆ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ. ಕೊನೆಗೆ ಅವರೇ ‘ಇದು ಡಿಪ್ರೆಶನ್ ಇರಬಹುದು, ಒಮ್ಮೆ ಮನೋವೈದ್ಯರಿಗೆ ತೋರಿಸಿ’ ಅಂದರು.

ಯಜಮಾನರು ಬೇಡ ಅನ್ನಲಿಲ್ಲ, ಅದೇ ಪುಣ್ಯ. ಆದರೆ ಮೈಸೂರಿಗೇ ಹೋಗೋಣ ಅಂತ ಹಟ. ಮಡಿಕೇರಿಯಲ್ಲಿ ಆ ಓಪಿಡಿ ಮುಂದೆ ಕೂತರೆ ಸಂಜೆಯೊಳಗೆ ನಾಲ್ಕು ಒಕ್ಕಕ್ಕೆ (ಮನೆತನಕ್ಕೆ) ಸುದ್ದಿ ಮುಟ್ಟುತ್ತದೆ ಅಂತಾರೆ. ಸುಳ್ಳೂ ಅಲ್ಲ. ಅತ್ತೆಯವರ ಪ್ರಕಾರ ಇದು ದೃಷ್ಟಿ. ಎಲ್ಲಿ ತೋರಿಸುವುದು ಒಳ್ಳೆಯದು? ಹೋಗಿ ಬಂದವರು ಯಾರಾದರೂ ಇದ್ದರೆ ಹೇಳಿ.

ಗೋಣಿಕೊಪ್ಪದ ಅಕ್ಕ

ತಂಗೀ, ನಿನ್ನ ಊರಿನ ಡಾಕ್ಟರು ಒಳ್ಳೆಯವರು. ಗ್ಯಾಸ್ಟ್ರಿಕ್ ಮಾತ್ರೆ ಬರೆದು ಕಳಿಸಿಬಿಡದೆ ಕೂರಿಸಿ ಕೇಳಿದರಲ್ಲ.

ನಾನು ಈ ಖಾಯಿಲೆ ಇಟ್ಟುಕೊಂಡೇ ಬಹಳ ವರ್ಷದಿಂದ ಬದುಕುತ್ತಿದ್ದೇನೆ. ನಡುವೆ ಪೂರ್ತಿ ಚೆನ್ನಾಗಿದ್ದ ವರ್ಷಗಳೂ ಇವೆ. ಅದಕ್ಕೇ ನೇರವಾಗಿ ಹೇಳುತ್ತೇನೆ: ಎಲ್ಲಿಗೆ ಮತ್ತೆ ಮತ್ತೆ ಹೋಗಲು ಆಗುತ್ತದೋ ಅಲ್ಲಿಗೆ ಹೋಗು. ಮೊದಲ ಸಲ ಹೋಗುವುದು ಹೇಗೋ ಆಗಿಬಿಡುತ್ತದೆ. ಗಂಡ ಕಾರು ತೆಗೆಯುತ್ತಾರೆ, ಹುಣಸೂರಿನಲ್ಲಿ ತಿಂಡಿ ತಿನ್ನುತ್ತೀರಿ, ತೋರಿಸಿ ಬರುತ್ತೀರಿ. ಕಷ್ಟ ಶುರುವಾಗುವುದು ಆಮೇಲೆ.

ಯಾಕೆ ಅಂದರೆ ಈ ಚಿಕಿತ್ಸೆ ಒಂದು ಸಲದ್ದಲ್ಲ. ಸಾಮಾನ್ಯವಾಗಿ ಮೊದಲು ಬರೆಯುವುದು ಎಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್ ಗುಂಪಿನ ಮಾತ್ರೆ. ಶುರುವಿನ ದಿನಗಳಲ್ಲಿ ವಾಕರಿಕೆ, ತಲೆ ಭಾರ, ಕೆಲವರಿಗೆ ಚಡಪಡಿಕೆ. ಗುಣ ಕಾಣಲು 2ರಿಂದ 4 ವಾರ ಬೇಕು. ಪೂರ್ತಿ ಫಲ ಗೊತ್ತಾಗಲು 6ರಿಂದ 8 ವಾರ. ಅಂದರೆ ತೊಂದರೆ ಮೊದಲು ಬರುತ್ತದೆ, ಲಾಭ ಆಮೇಲೆ. ಎಷ್ಟೋ ಜನ ಬಿಡುವುದೇ ಈ ನಡುವಿನ ದಿನಗಳಲ್ಲಿ. ‘ಇದು ನನಗೆ ಆಗಿ ಬರಲ್ಲ’ ಅಂತ ಚೀಟಿ ಮಡಚಿ ಇಟ್ಟುಬಿಡುತ್ತಾರೆ. ಆಗ ಡಾಕ್ಟರ ಹತ್ತಿರ ಹೋಗಿ ‘ವಾಂತಿ ಬರುತ್ತಿದೆ, ಏನು ಮಾಡಲಿ’ ಅಂತ ಕೇಳುವಷ್ಟು ಹತ್ತಿರ ಇರಬೇಕು. ಅವರು ಊಟ ಆದ ಮೇಲೆ ತಗೊಳ್ಳಿ ಅನ್ನಬಹುದು, ಡೋಸ್ ಇಳಿಸಬಹುದು, ಮಾತ್ರೆಯನ್ನೇ ಬದಲಿಸಬಹುದು.

ಈಗ ಲೆಕ್ಕ ಹಾಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಬೆಂಗಳೂರಿನ ನಿಮ್ಹಾನ್ಸ್ ಅಂದರೆ 250 ಕಿ.ಮೀ.ಗಿಂತ ಜಾಸ್ತಿ. ಜುಲೈಯಲ್ಲಿ ಮರ ಬಿದ್ದು ರಸ್ತೆ ಬಂದ್. ಡಿಸೆಂಬರಿನಲ್ಲಿ ಕೊಯ್ಲು, ಆಳುಗಳನ್ನು ಬಿಟ್ಟು ಯಜಮಾನರು ಬರಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್. ತೋಟದವರಿಗೆ ಇಡೀ ದಿನ ಖಾಲಿ ಸಿಗುವುದು ಯಾವ ತಿಂಗಳಲ್ಲಿ ಹೇಳು? ಮನಸ್ಸು ಸರಿ ಇಲ್ಲದವಳಿಗೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದೇ ದೊಡ್ಡ ಕೆಲಸ. ಆರು ಗಂಟೆ ಪ್ರಯಾಣ ಅಂದರೆ ‘ಮುಂದಿನ ವಾರ ನೋಡೋಣ’ ಅಂತಲೇ ಆಗುತ್ತದೆ.

ಮೈಸೂರಿನಲ್ಲಿ ಬರೆಯುವ ಮಾತ್ರೆಯೂ ಅದೇ, ಮಡಿಕೇರಿಯಲ್ಲಿ ಬರೆಯುವುದೂ ಅದೇ.

ಕುಟ್ಟದ ಹುಡುಗ

ಅಕ್ಕ, ಹೇಳೋದು ಸುಲಭ. ನಮ್ಮ ಕಡೆ ಒಂದು ಮೆಡಿಕಲ್ ಶಾಪಿನಲ್ಲಿ ನಾನು ಮಾತ್ರೆ ತಗೊಂಡೆ. ನಾನು ಮನೆ ಮುಟ್ಟುವ ಮೊದಲೇ ಮಾವನಿಂದ ಫೋನ್, ‘ಏನೋ ತಲೆ ಮಾತ್ರೆ ತಿಂತಾ ಇದ್ದೀಯಂತೆ?’ ಹೆಣ್ಣು ನೋಡುವ ಮಾತು ನಡೆಯುತ್ತಿತ್ತು, ಅದು ಅಲ್ಲಿಗೇ ನಿಂತಿತು. ಯಾರೂ ಕಾರಣ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ ಅಲ್ವಾ.

ಅದೂ ಅಲ್ಲದೆ ಎಲ್ಲರಿಗೂ ಮಡಿಕೇರಿ ಹತ್ತಿರ ಅಂತ ಯಾರು ಹೇಳಿದರು? ಕುಟ್ಟದವರಿಗೆ ಮಡಿಕೇರಿಯೂ ದೂರ, ಮೈಸೂರೂ ದೂರ. ನಾಗರಹೊಳೆ ಕಾಡಿನ ರಸ್ತೆ ಸಂಜೆ ಮುಚ್ಚುತ್ತದೆ. ಎರಡು ಕಡೆಯೂ ಒಂದು ದಿನ ಹೋಗುತ್ತದೆ ಅಂದ ಮೇಲೆ ಗುರುತು ಯಾರೂ ಇಲ್ಲದ ಕಡೆಗೇ ಹೋಗುತ್ತೇನೆ. ನಾನು ಮೈಸೂರಿಗೇ ಹೋಗುವುದು. ಮಾತ್ರೆಯೂ ಅಲ್ಲಿಂದಲೇ ತರುತ್ತೇನೆ.

ಗೋಣಿಕೊಪ್ಪದ ಅಕ್ಕ

ತಮ್ಮಾ, ನೀನು ಬಿಡದೆ ಹೋಗುತ್ತಿದ್ದೀಯ. ಹಾಗಾದರೆ ನಿನಗೆ ಮೈಸೂರೇ ಸರಿ. ನಾನು ಹೇಳಿದ್ದೂ ಅದೇ, ಮತ್ತೆ ಮತ್ತೆ ಹೋಗಲು ಆಗುವ ಕಡೆ ಅಂತ.

ಮಾತ್ರೆ ಅಂಗಡಿಯವನು ಮಾಡಿದ್ದು ಮಾತ್ರ ನೀಚ ಕೆಲಸ.

ಸಿಸ್ಟರ್ ಮೇರಿ ಅಲ್ಲ

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಯಾವ ಆಸ್ಪತ್ರೆ ಅಂತ ಕೇಳಬೇಡಿ. ಗೊತ್ತಿರುವ ಕೆಲವು ವಿಷಯ ಬರೆಯುತ್ತೇನೆ, ಉಪಯೋಗಕ್ಕೆ ಬಂದರೆ ಬರಲಿ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನ ಆಸ್ಪತ್ರೆ. 2016ರಲ್ಲಿ ಕಾಲೇಜು ಶುರುವಾಯಿತು. ಅಲ್ಲಿ ಮನೋವೈದ್ಯ ವಿಭಾಗ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಇದೆ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಅಂತ ಒಂದು ಯೋಜನೆ ಇದೆ, ಮಂಗಳವಾರ ಮನೋವೈದ್ಯರು ಬಂದು ನೋಡುವುದು. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ‘ಈ ವಾರ ಯಾವ ದಿನ ಬರುತ್ತಾರೆ’ ಅಂತ ಕೇಳಿಕೊಳ್ಳಿ. ರಜೆ, ಮೀಟಿಂಗ್ ಅಂತ ದಿನ ಬದಲಾಗುವುದುಂಟು. ಮಾತ್ರೆ ಆಸ್ಪತ್ರೆಯಲ್ಲೇ ಉಚಿತ. ಹಾಗಾಗಿ ಅಂಗಡಿಗೆ ಹೋಗುವ ಗೋಜೇ ಇಲ್ಲ. ಕುಟ್ಟದ ತಮ್ಮ ಇದನ್ನು ಗಮನಿಸಬೇಕು.

ಗುಟ್ಟಿನ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ರೋಗಿಯ ಮಾಹಿತಿ ಗುಟ್ಟಾಗಿ ಇಡುವುದು ರೋಗಿಯ ಹಕ್ಕು ಅಂತ ಅದರಲ್ಲೇ ಇದೆ. ಕಾನೂನು ಇದ್ದ ಮಾತ್ರಕ್ಕೆ ಕಾರಿಡಾರ್‌ನಲ್ಲಿ ಕೂತವರ ಬಾಯಿ ಮುಚ್ಚಲ್ಲ, ಗೊತ್ತು. ಆದರೆ ಸಿಬ್ಬಂದಿ ಬಾಯಿ ಬಿಟ್ಟರೆ ನೀವು ದೂರು ಕೊಡಬಹುದು. ಸುಮ್ಮನಿರಬೇಡಿ.

ಮೊದಲ ಸಲ ಹೋದಾಗ ಏನಾಗುತ್ತದೆ ಅಂತ ಎಲ್ಲರಿಗೂ ಭಯ. ವಿಶೇಷ ಏನಿಲ್ಲ. ಕೂರಿಸಿ ಮಾತಾಡಿಸುತ್ತಾರೆ. ನಿದ್ದೆ, ಹಸಿವು, ಕೆಲಸದಲ್ಲಿ ಆಸಕ್ತಿ, ಸಾಯಬೇಕು ಅನ್ನಿಸುತ್ತದಾ, ಕುಡಿಯುವ ಅಭ್ಯಾಸ ಇದೆಯಾ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ. ಕನಿಷ್ಠ 2 ವಾರದಿಂದ ಹೆಚ್ಚುಕಮ್ಮಿ ದಿನಾ ಹೀಗೇ ಇದೆಯಾ ಅಂತ ಮುಖ್ಯವಾಗಿ ನೋಡುತ್ತಾರೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬರೆಯಬಹುದು, ಯಾಕೆಂದರೆ ಅವು ಕಮ್ಮಿ ಆದರೂ ಇದೇ ಥರ ಸುಸ್ತು, ಬೇಜಾರು ಬರುತ್ತದೆ.

ಒಂದು ಮಾತು ಮರೆಯದೆ ಹೇಳಿ. ಹಿಂದೆ ಯಾವಾಗಾದರೂ ಅತಿ ಉತ್ಸಾಹ, ನಿದ್ದೆಯೇ ಬೇಡ, ಬಾಯಿ ತುಂಬ ಮಾತು, ಕೈ ಬಿಚ್ಚಿ ಖರ್ಚು, ಹೀಗೆ ಕೆಲವು ದಿನ ಇದ್ದದ್ದುಂಟಾ? ಇದ್ದರೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಉಲ್ಟಾ ಹೊಡೆಯಬಹುದು. ಆ ಪ್ರಶ್ನೆ ಕೇಳದ ಡಾಕ್ಟರಿಗೂ ನೀವೇ ಹೇಳಿ.

ವಯಸ್ಸಾದವರಿಗೆ ಈ ಮಾತ್ರೆ ಶುರು ಮಾಡಿದರೆ ಸೋಡಿಯಂ ಇಳಿಯುವುದುಂಟು. ಅಜ್ಜಿ ಇದ್ದಕ್ಕಿದ್ದಂತೆ ತಬ್ಬಿಬ್ಬಾಗಿ ಮಾತಾಡಿದರೆ ಮಾತ್ರೆ ಹಿಡಿಸಿಲ್ಲ ಅಂತ ಮನೆಯಲ್ಲೇ ತೀರ್ಮಾನ ಮಾಡಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಪ್ಲಾಂಟರ್ 65

ಎಲ್ಲ ಕೆಲಸ ಇಲ್ಲದವರ ಖಾಯಿಲೆ. ನಮ್ಮ ಕಾಲದಲ್ಲಿ ಬೆಳಿಗ್ಗೆ ಕತ್ತಿ ಹಿಡಿದು ತೋಟಕ್ಕೆ ಇಳಿದರೆ ಸಂಜೆಗೆ ನಿದ್ದೆ ತಾನಾಗಿ ಬರುತ್ತಿತ್ತು. ಮೊಬೈಲ್ ಬಿಸಾಕಿ, ಸರಿಯಾಗುತ್ತದೆ.

ಮೂರ್ನಾಡಿನವಳು

ಅಂಕಲ್, ನಾನು ದಿನಾ ತೋಟಕ್ಕೆ ಇಳಿಯುತ್ತೇನೆ.

ಗೋಣಿಕೊಪ್ಪದ ಅಕ್ಕ

ನಿಮ್ಮ ಕಾಲದಲ್ಲೂ ಇತ್ತು ಅಂಕಲ್. ‘ಅವನು ಯಾರ ಜೊತೆಯೂ ಸೇರಲ್ಲ’, ‘ಅವಳು ಹೆರಿಗೆ ಆದ ಮೇಲೆ ಹಾಗೇ ಆಗಿಬಿಟ್ಟಳು’ ಅಂತ ಹೇಳುತ್ತಿದ್ದಿರಲ್ಲ, ಅವರಲ್ಲಿ ಎಷ್ಟೋ ಜನರದ್ದು ಇದೇ ಇದ್ದಿರಬೇಕು. ನಿಮ್ಹಾನ್ಸ್‌ನವರು 2015-16ರಲ್ಲಿ ದೇಶದ ಸಮೀಕ್ಷೆ ಮಾಡಿದಾಗ ಸುಮಾರು 20 ಜನರಲ್ಲಿ ಒಬ್ಬರಿಗೆ ಡಿಪ್ರೆಶನ್ ಅಂತ ಬಂತು. ಅವರೆಲ್ಲ ಕೆಲಸ ಇಲ್ಲದವರಾ? ಕೆಲಸ ಮಾಡುವುದು ಒಳ್ಳೆಯದೇ. ದಿನಕ್ಕೊಂದು ಸಣ್ಣ ಕೆಲಸ ಹಿಡಿದು ಮುಗಿಸು ಅಂತ ಕೌನ್ಸೆಲರ್‌ಗಳೇ ಹೇಳುತ್ತಾರೆ. ಆದರೆ ‘ಎದ್ದು ಕೆಲಸ ಮಾಡು’ ಅಂತ ಗದರಿಸುವುದು ಚಿಕಿತ್ಸೆ ಅಲ್ಲ.

ನಿವೃತ್ತ ಹವಾಲ್ದಾರ್

ಇಲ್ಲಿ ಎಲ್ಲ ಹೆಂಗಸರ ವಿಷಯ ಬರುತ್ತಿದೆ. ಗಂಡಸರ ಬಗ್ಗೆ ನಾನು ಬರೆಯುತ್ತೇನೆ.

ನಮ್ಮಲ್ಲಿ ಗಂಡಸರು ಅಳಲ್ಲ, ಕುಡಿಯುತ್ತಾರೆ. ರೇಗುತ್ತಾರೆ. ಪೆನ್ಷನ್ ಬಂದ ಮೇಲೆ ತೋಟದ ಮನೆಯಲ್ಲಿ ಒಬ್ಬರೇ ಕೂತು ಸಂಜೆ ಆರಕ್ಕೇ ಬಾಟಲಿ ತೆಗೆಯುವ ಎಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತು. ಕೊಡಗಿನಲ್ಲಿ ಮದುವೆಗೂ ಮರಣಕ್ಕೂ ಬಾಟಲಿ ಇರುವುದರಿಂದ ಯಾರಿಗೂ ಅದು ಎದ್ದು ಕಾಣಲ್ಲ. ಮದ್ಯ ಮನಸ್ಸನ್ನು ಕೆಳಗೆ ಎಳೆಯುವ ವಸ್ತು. ಕೆಲವರಿಗೆ ಕುಡಿತ ಬಿಟ್ಟು ಮೂರು ನಾಲ್ಕು ವಾರ ಆದರೆ ಅರ್ಧ ಬೇಜಾರು ತಾನೇ ಇಳಿಯುತ್ತದೆ. ಇಳಿಯದಿದ್ದರೆ ಒಳಗೆ ಡಿಪ್ರೆಶನ್ ಬೇರೆ ಇದೆ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ಆದರೆ ದಿನಾ ಜಾಸ್ತಿ ಕುಡಿಯುವವರು ಹಟ ಹಿಡಿದು ಒಂದೇ ದಿನ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯ. ಡಾಕ್ಟರಿಗೆ ಎಷ್ಟು ಕುಡಿಯುತ್ತೀರಿ ಅಂತ ಸರಿಯಾದ ಲೆಕ್ಕ ಹೇಳಿ. ಎರಡು ಪೆಗ್ ಅನ್ನಬೇಡಿ, ಎಲ್ಲರೂ ಎರಡು ಪೆಗ್ ಅಂತಲೇ ಹೇಳುವುದು.

ಇನ್ನೊಂದು ವಿಷಯ. ಇದನ್ನು ಬರೆಯಲೇಬೇಕು. ನಮ್ಮ ಜಿಲ್ಲೆಯಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಮನೆ ಮನೆಯಲ್ಲಿ ಕೋವಿ ಇದೆ. ನಮ್ಮ ಹೆಮ್ಮೆ, ಸರಿ. ಆದರೆ ಮನೆಯಲ್ಲಿ ಯಾರಿಗಾದರೂ ಡಿಪ್ರೆಶನ್ ಅಂತ ಗೊತ್ತಾದ ದಿನವೇ ಕೋವಿ, ಗುಂಡು ಎರಡೂ ಆ ಮನೆಯಿಂದ ಹೊರಗೆ ಹೋಗಬೇಕು. ಬೀಗ ಹಾಕಿದ್ದೇವೆ ಅನ್ನಬೇಡಿ. ಬೀಗದ ಕೈ ಎಲ್ಲಿರುತ್ತದೆ ಅಂತ ಮನೆಯವರಿಗೆಲ್ಲ ಗೊತ್ತು. ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಇಟ್ಟು ರಸೀದಿ ತಗೊಳ್ಳಿ. ತೋಟದ ಔಷಧಿ ಡಬ್ಬಗಳೂ ಅಷ್ಟೇ, ಮನೆ ಪಕ್ಕದ ಸ್ಟೋರಿನಲ್ಲಿ ಬಾಗಿಲು ತೆರೆದು ಇಡಬೇಡಿ. ಸಾಯಬೇಕು ಅನ್ನುವ ಆ ತೀವ್ರ ಹೊತ್ತು ಬಹಳ ಸಲ ಸ್ವಲ್ಪ ಸಮಯದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ. ಪಟಾಲಮ್ಮಿನಲ್ಲೂ ಹಾಗೇ. ಜವಾನ ಸರಿ ಇಲ್ಲ ಅಂದರೆ ಮೊದಲು ಹತ್ಯಾರ್ (ಆಯುಧ) ವಾಪಸ್ ತಗೊಳ್ಳುವುದು, ಮಾತು ಆಮೇಲೆ.

ಸೋಮವಾರಪೇಟೆ ಸೀಮೆ

ಸರ್, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆಗೆ ಇಡಬೇಕಲ್ಲ? ಹಂದಿ ಬಂದರೆ?

ನಿವೃತ್ತ ಹವಾಲ್ದಾರ್

ಆ ವರ್ಷ ಒಕ್ಕದ ಮೂಲಮನೆ ಐನ್‌ಮನೆಯಲ್ಲಿ ಇಡುವ ಕೋವಿಗೇ ಎಲ್ಲರೂ ಸೇರಿ ಪೂಜೆ ಮಾಡಿ. ಕಾರೋಣ (ಮೂಲಪುರುಷ) ಬೈಯಲ್ಲ. ಹಂದಿಗೆ ಪಟಾಕಿ ಹೊಡಿ.

ನಿರ್ವಾಹಕಿ

ಒಂದು ಸೂಚನೆ. ಇಲ್ಲಿ ಯಾರೂ ಯಾರಿಗೂ ಡೋಸ್ ಹೇಳಬೇಡಿ. ‘ನನಗೆ ಇಷ್ಟು ಎಂ.ಜಿ. ಹಿಡಿಸಿತು’ ಅಂತ ಬರೆದರೆ ತೆಗೆದುಹಾಕುತ್ತೇವೆ. ಎರಡು ಅಂತಹ ಬರಹ ಈಗಲೇ ತೆಗೆದಿದ್ದೇವೆ.

ಈ ಚರ್ಚೆ ಓದುತ್ತಿರುವ ಯಾರಿಗಾದರೂ ಈಗಲೇ ಬದುಕು ಬೇಡ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಹತ್ತಿರ ಇದ್ದರೆ 112, ಅಥವಾ ಯಾರನ್ನಾದರೂ ಜೊತೆ ಕರೆದುಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಯಾರನ್ನೂ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿ ಇದ್ದರು ಅಂತಲೇ 2017ರ ಕಾಯ್ದೆ ಮೊದಲು ಭಾವಿಸುತ್ತದೆ, ಶಿಕ್ಷೆಯ ಬದಲು ಆರೈಕೆ ಕೊಡಬೇಕು ಅನ್ನುತ್ತದೆ.

ಮೂರ್ನಾಡಿನವಳು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಜನ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ನನಗೆ ಆ ಥರ ಸಾಯುವ ಯೋಚನೆ ಇಲ್ಲ, ಯಾರೂ ಗಾಬರಿ ಆಗಬೇಡಿ. ‘ನಾನು ಇಲ್ಲದಿದ್ದರೆ ಇವರಿಗೆ ಆರಾಮ’ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ ಅಷ್ಟೇ.

ಇನ್ನೊಂದು ಸಂಶಯ. ನಾದಿನಿ ಹೇಳುತ್ತಾಳೆ, ಈ ಮಾತ್ರೆ ಒಮ್ಮೆ ಶುರು ಮಾಡಿದರೆ ಜೀವನ ಪೂರ್ತಿ ಬಿಡಲು ಆಗಲ್ಲ, ಚಟ ಆಗುತ್ತದೆ ಅಂತ. ಹೌದಾ?

ಸಿಸ್ಟರ್ ಮೇರಿ ಅಲ್ಲ

ಮೊದಲು ನಿಮ್ಮ ಆ ಕೊನೆಯ ಸಾಲು. ಅದನ್ನು ‘ಅಷ್ಟೇ’ ಅಂತ ಬಿಡಬೇಡಿ. ಡಾಕ್ಟರಿಗೆ ಅದೇ ಮಾತಿನಲ್ಲಿ ಹೇಳಿ, ಯಜಮಾನರಿಗೂ ಹೇಳಿ. ತಡ ಮಾಡಬೇಡಿ. ಹವಾಲ್ದಾರ್ ಅಂಕಲ್ ಹೇಳಿದ್ದು ನಿಮ್ಮ ಮನೆಗೂ ಅನ್ವಯ. ಮೊದಲ ಅಪಾಯಿಂಟ್‌ಮೆಂಟ್ ಸಿಗುವವರೆಗೆ ತುಂಬ ಭಾರ ಅನ್ನಿಸಿದ ರಾತ್ರಿ 14416 ಇದೆ.

ಮಾತ್ರೆ ವಿಷಯ. ನಾದಿನಿ ಎರಡು ಬೇರೆ ಮಾತ್ರೆಗಳನ್ನು ಒಂದು ಮಾಡಿದ್ದಾರೆ. ಬಹಳ ಜನ ಮಾಡುವುದೇ ಹಾಗೆ. ಚಟ ಆಗುವ ಭಯ ಇರುವುದು ಅಲ್ಪ್ರಜೋಲಮ್, ಕ್ಲೋನಜೆಪಾಮ್ ಥರದ ನಿದ್ದೆ ಮತ್ತು ಆತಂಕದ ಮಾತ್ರೆಗಳಲ್ಲಿ. ಡಾಕ್ಟರು ಅದನ್ನು ಶುರುವಿಗೆ ಕೆಲವು ದಿನ ಮಾತ್ರ ಕೊಡಬಹುದು. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುತ್ತಾ ಹೋದರೆ ತೊಂದರೆ. ಡಿಪ್ರೆಶನ್ನಿನ ಮಾತ್ರೆಗೆ ಆ ಥರದ ಚಟ ಇಲ್ಲ, ಡೋಸ್ ಏರಿಸಬೇಕು ಅನ್ನುವ ಆಸೆ ಹುಟ್ಟಲ್ಲ. ಆದರೆ ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದುಂಟು. ಅದಕ್ಕೇ ನಿಧಾನವಾಗಿ ಇಳಿಸುತ್ತಾರೆ. ಮೊದಲ ಸಲ ಬಂದವರಿಗೆ ಪೂರ್ತಿ ಸರಿಯಾದ ಮೇಲೂ 6ರಿಂದ 9 ತಿಂಗಳು ಮುಂದುವರಿಸಿ ಅಂತ ಹೇಳುವುದು ವಾಡಿಕೆ. ಮತ್ತೆ ಮತ್ತೆ ಬಂದವರಿಗೆ ಇನ್ನೂ ಜಾಸ್ತಿ. ಮಾತ್ರೆಯಿಂದ ಲೈಂಗಿಕ ಆಸಕ್ತಿ ಕಮ್ಮಿ ಆಗುವುದೂ ಉಂಟು. ನಮ್ಮವರು ಯಾರೂ ಬಾಯಿ ಬಿಟ್ಟು ಹೇಳಲ್ಲ, ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಹೇಳಿದರೆ ಬೇರೆ ಮಾತ್ರೆ ಇದೆ.

ಗೋಣಿಕೊಪ್ಪದ ಅಕ್ಕ

ಇದಕ್ಕೆ ಎಲ್ಲರೂ ‘ಶುಗರ್ ಮಾತ್ರೆ ತಿಂದ ಹಾಗೆ’ ಅಂತ ಸಮಾಧಾನ ಹೇಳುತ್ತಾರೆ. ನನಗೆ ಆ ಹೋಲಿಕೆ ಇಷ್ಟ ಇಲ್ಲ. ಶುಗರ್ ಅಂದ ಕೂಡಲೇ ಜೀವನ ಪೂರ್ತಿ ಅಂತ ಜನರ ತಲೆಗೆ ಬರುತ್ತದೆ. ಇಲ್ಲಿ ಎಷ್ಟೋ ಜನ ಒಂದು ವರ್ಷದೊಳಗೆ ಮಾತ್ರೆ ಮುಗಿಸಿ ಆರಾಮಾಗಿ ಇದ್ದಾರೆ. ನನ್ನಂಥವರಿಗೆ ಮತ್ತೆ ಬರುತ್ತದೆ, ಅದೂ ನಿಜ. ನನಗೆ ಈಗ ಬರುವ ಮುಂಚಿನ ಗುರುತು ಗೊತ್ತು. ಮೊದಲು ನಿದ್ದೆ ಕೆಡುತ್ತದೆ. ಆಮೇಲೆ ಫೋನ್ ಎತ್ತಲು ಬೇಜಾರು. ಆಮೇಲೆ ಕಣದಲ್ಲಿ ಒಣಗಿದ ಕಾಫಿ ಹಾಗೇ ಬಿದ್ದಿದ್ದರೂ ಎತ್ತಿಸಬೇಕು ಅನ್ನಿಸಲ್ಲ. ಮೂರನೆಯದಕ್ಕೆ ಕಾಯದೆ ಮೊದಲನೆಯದಕ್ಕೇ ಡಾಕ್ಟರ ಹತ್ತಿರ ಹೋಗುತ್ತೇನೆ. ಮನೆಯಲ್ಲಿ ಮಗಳಿಗೂ ಈ ಗುರುತು ಹೇಳಿಟ್ಟಿದ್ದೇನೆ. ನಾನು ‘ಏನಿಲ್ಲ’ ಅಂದರೂ ಅವಳು ಕೇಳಲ್ಲ.

ಮಕ್ಕಂದೂರು ಕಡೆಯವನು

ನಾನು ಬೇರೆ ವಿಷಯ ಕೇಳಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನಮ್ಮ ಮನೆ, ತೋಟ ಹೋಯಿತು. ಕ್ಯಾಂಪ್, ಬಾಡಿಗೆ ಮನೆ, ಆಮೇಲೆ ಹೊಸ ಮನೆ. ಜನ ‘ಮನೆ ಸಿಕ್ಕಿತಲ್ಲ, ಇನ್ನೇನು’ ಅಂತಾರೆ. ಅಪ್ಪ ಈಗಲೂ ಜೋರು ಮಳೆ ಬಂದರೆ ರಾತ್ರಿ ಇಡೀ ಕುರ್ಚಿಯಲ್ಲಿ ಕೂತಿರುತ್ತಾರೆ, ಚಪ್ಪಲಿ ಹಾಕಿಕೊಂಡೇ. ಬೇಸಿಗೆಯಲ್ಲಿ ಸರಿ ಇರುತ್ತಾರೆ. ಇದೂ ಡಿಪ್ರೆಶನ್ ಆ? ಮಳೆಗಾಲದ ಡಿಪ್ರೆಶನ್ ಅಂತ ಒಂದಿದೆ, ದೀಪದ ಬೆಳಕಿನಲ್ಲಿ ಕೂರಿಸಿ ಗುಣ ಮಾಡುತ್ತಾರೆ ಅಂತ ಎಲ್ಲೋ ಓದಿದೆ.

ಸಿಸ್ಟರ್ ಮೇರಿ ಅಲ್ಲ

ನೀವು ಓದಿದ್ದು ಚಳಿದೇಶಗಳ ವಿಷಯ. ಅಲ್ಲಿ ಚಳಿಗಾಲದಲ್ಲಿ ಹಗಲು ತೀರಾ ಸಣ್ಣದಾಗುತ್ತದೆ, ಆಗ ಬರುವ ಡಿಪ್ರೆಶನ್ ಬಗ್ಗೆ 1984ರಿಂದ ಸಂಶೋಧನೆ ಇದೆ, ಬೆಳಕಿನ ಚಿಕಿತ್ಸೆಯೂ ಅದಕ್ಕೇ. ನಮ್ಮ ಮಳೆಗಾಲಕ್ಕೆ ಅದನ್ನು ಹಾಗೇ ತಂದು ಅಂಟಿಸಬಾರದು. ಕರೆಂಟ್ ಇಲ್ಲ, ರೇಂಜ್ ಇಲ್ಲ, ನೆರೆಯವರ ಮುಖ ನೋಡಿ ವಾರ ಆಯಿತು, ಇದರಿಂದ ಮನಸ್ಸು ಕುಗ್ಗುವುದು ನಿಜ.

ನಿಮ್ಮ ಅಪ್ಪನದ್ದು ಬೇರೆ ಅನ್ನಿಸುತ್ತದೆ. ಚಪ್ಪಲಿ ಹಾಕಿಕೊಂಡು ಕೂರುವುದು ಓಡಲು ತಯಾರಾಗಿ ಕೂರುವುದು. ದೊಡ್ಡ ಆಘಾತ ಕಂಡವರಿಗೆ ಅದನ್ನು ನೆನಪಿಸುವ ಶಬ್ದ, ತಿಂಗಳು ಬಂದಾಗ ದೇಹ ಮತ್ತೆ ಅದೇ ಅಪಾಯದಲ್ಲಿ ಇರುವ ಹಾಗೆ ಎಚ್ಚರವಾಗುತ್ತದೆ. ಇದಕ್ಕೆ ಬೇರೆ ಥರದ ಮಾತಿನ ಚಿಕಿತ್ಸೆ ಇದೆ, ಬೇಕಾದರೆ ಮಾತ್ರೆಯೂ. ಜೊತೆಗೆ ಡಿಪ್ರೆಶನ್ ಇರಬಹುದು, ಇಲ್ಲದೆಯೂ ಇರಬಹುದು. ಮಳೆ ಹಿಡಿಯುವ ಮೊದಲೇ, ಏಪ್ರಿಲ್ ಮೇ ತಿಂಗಳಲ್ಲಿ ತೋರಿಸಿ. ಆಗ ಅವರು ಸಮಾಧಾನದಲ್ಲಿ ಮಾತಾಡುತ್ತಾರೆ.

ಮಕ್ಕಂದೂರು ಕಡೆಯವನು

ಮೇ ತಿಂಗಳಲ್ಲಿ ‘ನಾನು ಸರಿ ಇದ್ದೇನಲ್ಲ, ಯಾಕೆ ಆಸ್ಪತ್ರೆ’ ಅಂತಾರೆ ಸಿಸ್ಟರ್. ನೋಡುತ್ತೇನೆ. ಬಿ.ಪಿ. ಚೆಕಪ್ ಜೊತೆಗೆ ಸೇರಿಸಿ ಹೇಳಿದರೆ ಬರಬಹುದು.

ಚೆರಂಬಾಣೆ ಭಟ್ಟರು

ನಾನು ಪೂಜೆ ಮಾಡುವವನು. ಮೂರ್ನಾಡಿನ ತಂಗಿಯ ಅತ್ತೆಯವರ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ದೃಷ್ಟಿ ತೆಗೆಯಲಿ, ಪ್ರಶ್ನೆ ಇಡಿಸಲಿ, ಭಾಗಮಂಡಲಕ್ಕೆ ಹೋಗಿ ಬರಲಿ. ಅದರಿಂದ ಅತ್ತೆಗೆ ಸಮಾಧಾನ, ಅವರು ನಿಮ್ಮ ಪರ ಆಗುತ್ತಾರೆ. ಮಾತ್ರೆ ನಿಲ್ಲಿಸಿ ಅಂತ ಹೇಳುವ ಜೋಯಿಸನ ಹತ್ತಿರ ಮಾತ್ರ ಹೋಗಬೇಡಿ. ನನ್ನ ಹತ್ತಿರ ಬಂದವರಿಗೆ ನಾನು ಪ್ರಸಾದ ಕೊಟ್ಟು ‘ಡಾಕ್ಟರ ಹತ್ತಿರವೂ ಹೋಗಿ’ ಅನ್ನುತ್ತೇನೆ. ಕೆಲವರು ಡಾಕ್ಟರ ಮಾತಿಗಿಂತ ನಮ್ಮ ಮಾತು ಬೇಗ ಕೇಳುತ್ತಾರೆ. ಅದನ್ನು ಒಳ್ಳೆಯದಕ್ಕೆ ಬಳಸಬೇಕು ಅಲ್ವಾ.

ಬೆಂಗಳೂರಲ್ಲಿರುವ ಕೊಡಗಿನ ಹುಡುಗಿ

ಹತ್ತಿರ, ದೂರ ಅಂತ ಇಷ್ಟು ಚರ್ಚೆ ಆಯಿತು, ಫೋನ್ ಮರೆತೇಬಿಟ್ಟಿರಿ. 2020ರಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ವಿಡಿಯೊ ಕಾಲ್‌ನಲ್ಲಿ ನೋಡಿ ಚೀಟಿ ಬರೆಯಬಹುದು. ನನ್ನ ಅವ್ವನಿಗೆ ನಾವು ಹೀಗೇ ಮಾಡಿದ್ದು. ಮೊದಲ ಸಲ ಎದುರು ಕೂತು ತೋರಿಸಿದೆವು. ಆಮೇಲಿನದ್ದು ಹೆಚ್ಚಿನದೆಲ್ಲ ವಿಡಿಯೊದಲ್ಲಿ. ಅವ್ವನಿಗೆ ಮೊದಲು ಕಷ್ಟ ಆಯಿತು, ಪರದೆಯಲ್ಲಿ ತನ್ನದೇ ಮುಖ ನೋಡಿಕೊಂಡು ಕೂದಲು ಸರಿ ಮಾಡುವುದರಲ್ಲೇ ಸಮಯ ಹೋಗುತ್ತಿತ್ತು. ಈಗ ರೂಢಿಯಾಗಿದೆ.

ಕೌನ್ಸೆಲಿಂಗ್‌ಗೂ ಇದು ಒಳ್ಳೆಯದು. ವಾರ ವಾರ ಮಾತಾಡಬೇಕಾಗುತ್ತದೆ, ಅಷ್ಟು ಸಲ ಯಾರು ಬಸ್ಸು ಹತ್ತುತ್ತಾರೆ? ಕೌನ್ಸೆಲರ್ ಮಾತ್ರೆ ಬರೆಯಲ್ಲ, ಅದು ಮನೋವೈದ್ಯರ ಕೆಲಸ. ಸಣ್ಣ ಮಟ್ಟದ ಡಿಪ್ರೆಶನ್‌ಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು. ಜಾಸ್ತಿ ಇದ್ದರೆ ಎರಡೂ ಬೇಕು.

ಗೋಣಿಕೊಪ್ಪದ ಅಕ್ಕ

ಒಪ್ಪಿದೆ, ರೇಂಜ್ ಇದ್ದರೆ. ನಮ್ಮಲ್ಲಿ ಗೇಟಿನ ಹತ್ತಿರ ಒಂದು ಕಲ್ಲಿನ ಮೇಲೆ ನಿಂತರೆ ಮಾತ್ರ ಎರಡು ಕಡ್ಡಿ ಬರುತ್ತದೆ. ಅಲ್ಲಿ ನಿಂತು ಅಳುವುದು ಹೇಗೆ, ದಾರಿಯಲ್ಲಿ ಹೋಗುವ ತೋಟದ ರೈಟರ್ (ಗುಮಾಸ್ತ) ‘ಏನಾಯ್ತಕ್ಕಾ’ ಅಂತಾನೆ.

ಸಿದ್ದಾಪುರ ಆಶಾ

ಇಷ್ಟು ಹೊತ್ತು ಎಲ್ಲ ತೋಟದ ಯಜಮಾನರ ಮನೆಯ ಮಾತಾಯಿತು. ಕೂಲಿಯವರ ಲೈನ್‌ಮನೆಯಲ್ಲೂ ಡಿಪ್ರೆಶನ್ ಇದೆ. ಅಸ್ಸಾಂ, ಬಂಗಾಳದಿಂದ ಬಂದ ಹೆಂಗಸರಿಗೆ ಕನ್ನಡ ಬರಲ್ಲ. ಯರವ ಬುಡಕಟ್ಟಿನ ಹಾಡಿಯ ಹೆಣ್ಣುಮಗಳು ಹೆರಿಗೆ ಆಗಿ ತಿಂಗಳಾದರೂ ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ, ಮನೆಯವರು ಸೋಮಾರಿ ಅಂತ ಬೈಯುತ್ತಿದ್ದರು. ನಾನು ಮನೆ ಭೇಟಿಗೆ ಹೋದಾಗ ಕಂಡಿತು. ಹೆರಿಗೆ ನಂತರದ ಡಿಪ್ರೆಶನ್, ಈಗ ಹುಷಾರಾಗಿದ್ದಾಳೆ, ಮಗುವೂ ಗುಂಡಗಿದೆ.

ಅವರಿಗೆ ಒಂದು ದಿನ ಆಸ್ಪತ್ರೆ ಅಂದರೆ ಒಂದು ದಿನದ ಕೂಲಿ ಹೋಯಿತು. ತೋಟದ ಮಾಲೀಕರು ಯಾರಾದರೂ ಇದನ್ನು ಓದುತ್ತಿದ್ದರೆ, ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗುತ್ತೇನೆ ಅಂದವರ ಕೂಲಿ ಹಿಡಿಯಬೇಡಿ. ಜೀಪು ಕಳಿಸಿದರೆ ಇನ್ನೂ ಒಳ್ಳೆಯದು. ಬೇರೆ ಭಾಷೆಯವರಿಗೆ 14416 ಉಪಯೋಗ ಆಗುತ್ತದೆ, ಹಿಂದಿ, ಬಂಗಾಳಿ, ಅಸ್ಸಾಮಿ, ಮಲಯಾಳಂ ಎಲ್ಲ ಇದೆ.

ಪ್ಲಾಂಟರ್ 65

ಜೀಪು ವಿಷಯ ಸರಿ. ನಮ್ಮ ತೋಟದಿಂದ ಕಳಿಸಬಹುದು. ಯಾವ ದಿನ ಅಂತ ರೈಟರಿಗೆ ಹೇಳಿ.

ಮೂರ್ನಾಡಿನವಳು

ಮಡಿಕೇರಿಗೇ ಹೋಗಿ ಬಂದೆ. ಯಜಮಾನರು ಮೊದಲು ಕಾರಿನಲ್ಲೇ ಕೂರುತ್ತೇನೆ ಅಂದರು, ಆಮೇಲೆ ಡಾಕ್ಟರು ಕರೆದ ಮೇಲೆ ಒಳಗೆ ಬಂದರು. ನಾನು ಆ ‘ಇಲ್ಲದಿದ್ದರೆ ಆರಾಮ’ ಅನ್ನುವ ಮಾತನ್ನು ಅಲ್ಲಿ ಹೇಳಿದೆ. ಅವರಿಗೆ ಅದು ಗೊತ್ತಿರಲಿಲ್ಲ. ಥೈರಾಯ್ಡ್ ಮತ್ತೆ ನೋಡಬೇಕಂತೆ, ಮಾತ್ರೆ ಶುರುವಾಗಿದೆ, ಎರಡು ವಾರ ಬಿಟ್ಟು ಬರಲು ಹೇಳಿದ್ದಾರೆ. ವಾಕರಿಕೆ ಇದೆ. ಕೋವಿ ಠಾಣೆಯಲ್ಲಿದೆ.

ಯಜಮಾನರದ್ದು ಒಂದು ಪ್ರಶ್ನೆ: ನಮ್ಮ ಆರೋಗ್ಯ ವಿಮೆಯಲ್ಲಿ ಇದಕ್ಕೆ ದುಡ್ಡು ಸಿಗುತ್ತದಾ? ಇದು ಗೊತ್ತಾದರೆ ಪಾಲಿಸಿ ಕ್ಯಾನ್ಸಲ್ ಮಾಡುತ್ತಾರಾ?

ಕುಶಾಲನಗರ ಇನ್ಶೂರೆನ್ಸ್

ಮೇಡಂ, ದೇಹದ ಖಾಯಿಲೆಗೆ ಯಾವ ನಿಯಮವೋ ಮನಸ್ಸಿನ ಖಾಯಿಲೆಗೂ ಅದೇ ನಿಯಮದಲ್ಲಿ ವಿಮೆ ಕೊಡಬೇಕು ಅಂತ 2017ರ ಕಾಯ್ದೆಯಲ್ಲೇ ಇದೆ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ಕೊಡುತ್ತವೆ. ನೀವು ಓಪಿಡಿಯಲ್ಲಿ ತೋರಿಸಿ ಬಂದಿದ್ದೀರಿ, ಓಪಿಡಿ ಕವರ್ ಬೇರೆ ತಗೊಂಡಿದ್ದರೆ ಮಾತ್ರ ಸಿಗುತ್ತದೆ. ಪಾಲಿಸಿ ತಗೊಂಡ ಮೇಲೆ ಬಂದ ಖಾಯಿಲೆ ಅಂತ ಕಾರಣ ಕೊಟ್ಟು ಕ್ಯಾನ್ಸಲ್ ಮಾಡುವ ಹಾಗಿಲ್ಲ. ಮುಂದೆ ಕಂಪನಿ ಬದಲಿಸಿದರೆ ಅಥವಾ ಹೊಸ ಪಾಲಿಸಿ ತಗೊಂಡರೆ ಫಾರಂನಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ನಾಳೆ ಹಾರ್ಟ್ ಆಪರೇಷನ್ ಕ್ಲೇಮ್‌ಗೂ ಅದೇ ನೆಪ ತೆಗೆಯುತ್ತಾರೆ. ನಿಮ್ಮ ಈಗಿನ ಪಾಲಿಸಿಯಲ್ಲಿ ವೇಟಿಂಗ್ ಪೀರಿಯಡ್ ಎಷ್ಟು, ಓಪಿಡಿ ಇದೆಯಾ ಅಂತ ಷೆಡ್ಯೂಲ್ ಹಾಳೆಯಲ್ಲಿ ಬರೆದಿರುತ್ತದೆ. ಅದರ ಫೋಟೊ ಇಲ್ಲಿ ಹಾಕಬೇಡಿ, ಹೆಸರು ನಂಬರ್ ಎಲ್ಲ ಕಾಣುತ್ತದೆ. ಆ ಎರಡು ಸಾಲು ಟೈಪ್ ಮಾಡಿ ಕಳಿಸಿ, ನೋಡಿ ಹೇಳುತ್ತೇನೆ.